ಬರ್ನಿಂಗ್ ಮ್ಯಾನ್‌ಗೆ ಹೊರಟಿದ್ದೇವೆ, ಮಳೆ ಬಂದರೆ ಏನು ಮಾಡೋದು?

ಫ್ರೀಮಾಂಟ್‌ನಿಂದ ಕೇಳುತ್ತಿದ್ದೇನೆ. ಆಗಸ್ಟ್ ಕೊನೆಗೆ ನಾವು ಮೂವರು ಗೆಳತಿಯರು ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಗೆ, ಅಲ್ಲೇ ಟೆಂಟ್ ಹಾಕಿಕೊಂಡು ಇರಬೇಕಾದ ಬರ್ನಿಂಗ್ ಮ್ಯಾನ್ ಉತ್ಸವಕ್ಕೆ ಮೊದಲ ಸಲ ಹೋಗುತ್ತಿದ್ದೇವೆ. ಬಿಸಿಲಿಗೆ ಬೇಕಾದದ್ದೆಲ್ಲ ಕೊಂಡಾಗಿದೆ. ಆದರೆ 2023ರ ಕೆಸರಿನ ಫೋಟೊ ನೋಡಿ ಹೆದರಿಕೆಯಾಗಿದೆ. ಹೋಗಿ ಬಂದವರು ದಯವಿಟ್ಟು ಹೇಳಿ, ಇನ್ನೇನು ಬೇಕು?

ಸ್ಯಾನ್ ಹೋಸೆಯಿಂದ

2023ರಲ್ಲಿ ನಾನು ಅಲ್ಲೇ ಇದ್ದೆ. ಮಳೆಗೆ ರೇನ್‌ಕೋಟ್ ತಂದರೆ ಸಾಕು ಅಂದುಕೊಳ್ಳಬೇಡಿ. ಹೊರಗೆ ಹೋಗಲು ಆಗದೆ ಕೂರಬೇಕಾದ ದಿನಗಳಿಗೆ ತಯಾರಾಗಿ. ಸೆಪ್ಟೆಂಬರ್ 1ರ ಶುಕ್ರವಾರ ಮಳೆ ಶುರುವಾಯಿತು. ಬಿದ್ದದ್ದು ಎರಡು ಸೆಂಟಿಮೀಟರ್ ಆಸುಪಾಸು. ಆಗುಂಬೆಯವರು ಅದನ್ನು ಮಳೆ ಅಂತಲೇ ಎಣಿಸುವುದಿಲ್ಲ. ಅಷ್ಟಕ್ಕೇ ಗೇಟ್ ಮುಚ್ಚಿತು, 70,000ಕ್ಕೂ ಹೆಚ್ಚು ಜನ ಒಳಗೇ ಉಳಿದರು. ವಾಹನ ಬಿಟ್ಟದ್ದು ಸೋಮವಾರ ಮಧ್ಯಾಹ್ನ.

ಕಾರಣ ಆ ನೆಲ. ಅದು ಮರಳಲ್ಲ. ಸಾವಿರಾರು ವರ್ಷಗಳ ಹಿಂದಿನ ಲಹಾಂಟನ್ ಎಂಬ ದೊಡ್ಡ ಸರೋವರ ಒಣಗಿ ಉಳಿದ ತಳ. ಹಿಟ್ಟಿನಷ್ಟು ನುಣ್ಣನೆಯ ಕ್ಷಾರದ ಮಣ್ಣು. ನೀರು ಬೇಗ ಇಂಗುವುದಿಲ್ಲ. ಹೆಜ್ಜೆ ಇಟ್ಟಂತೆಲ್ಲ ಶೂಗೆ ಪದರ ಪದರವಾಗಿ ಮೆತ್ತಿಕೊಳ್ಳುತ್ತದೆ, ಕಾಲೆತ್ತುವುದೇ ಕಷ್ಟ. ಸೈಕಲ್ ಚಕ್ರ ತಿರುಗುವುದಿಲ್ಲ. ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಅದರ ಮೇಲೆ ಹಳೇ ಸಾಕ್ಸ್ ಹಾಕಿಕೊಂಡರೆ ಮಣ್ಣು ಕಡಿಮೆ ಅಂಟುತ್ತದೆ. ಬರಿಗಾಲಲ್ಲಿ ಜಾಸ್ತಿ ಹೊತ್ತು ಓಡಾಡಬೇಡಿ, ಚರ್ಮ ಸೀಳುತ್ತದೆ. ವಿನೆಗರ್‌ಗೆ ನೀರು ಬೆರೆಸಿ ಕಾಲು ತೊಳೆದು, ಒರೆಸಿ, ಕ್ರೀಮ್ ಹಚ್ಚಿ ಒಣ ಸಾಕ್ಸ್ ಹಾಕಿಕೊಳ್ಳಿ. ಮಲಗುವಾಗ ಹಾಕಲು ಒಂದು ಜೊತೆ ಬಟ್ಟೆ, ಸಾಕ್ಸ್ ಜಿಪ್ ಚೀಲದಲ್ಲಿ ಬೇರೆಯೇ ಇಡಿ. ಮರುಭೂಮಿ ಅಂತ ಹೆಸರಷ್ಟೇ, ಸಮುದ್ರಮಟ್ಟದಿಂದ ಸುಮಾರು 1,190 ಮೀಟರ್ ಎತ್ತರ. ಒದ್ದೆಯಾದ ಮೇಲೆ ರಾತ್ರಿ ಚಳಿ ತಡೆಯೋಕಾಗಲ್ಲ.

ನೀರು ಒಬ್ಬರಿಗೆ ದಿನಕ್ಕೆ ಒಂದೂವರೆ ಗ್ಯಾಲನ್, ಅಂದರೆ ಆರು ಲೀಟರ್ ಹತ್ತಿರ. ಅದರ ಮೇಲೆ ಮೂರು ದಿನದ್ದು ಹೆಚ್ಚಿಗೆ ತನ್ನಿ. ಊಟವೂ ಹಾಗೇ. ಅಲ್ಲಿ ಐಸ್ ಸಿಗುತ್ತದೆ, ಆಹಾರ ಮಾರುವ ಅಂಗಡಿ ಇಲ್ಲ. ಹೆಚ್ಚುವರಿ ಊಟ ಒಲೆ ಬೇಡದ್ದಾಗಿರಲಿ. ನಮ್ಮ ಗುಂಪನ್ನು ಕಾಪಾಡಿದ್ದು ಅವಲಕ್ಕಿ, ಚಟ್ನಿಪುಡಿ, ಹುರಿಗಡಲೆ.

ಸ್ಯಾಕ್ರಮೆಂಟೊದಿಂದ

ಮೇಲೆ ಹೇಳಿದ್ದೆಲ್ಲ ನಿಜ. ಗಾಳಿಯನ್ನು ಮಾತ್ರ ಮರೆಯಬೇಡಿ. 2025ರಲ್ಲಿ ಉತ್ಸವ ಶುರುವಾಗುವ ಮುನ್ನಾದಿನ ಗಂಟೆಗೆ 80 ಕಿ.ಮೀ. ವೇಗದ ಧೂಳುಗಾಳಿ ಬಂದು ಎಷ್ಟೋ ಕ್ಯಾಂಪ್‌ಗಳ ನೆರಳಿನ ಚಪ್ಪರಗಳು ಕಿತ್ತುಹೋದವು. ಹಿಂದೆಯೇ ಮಳೆ ಬಂದು ಗೇಟ್ ಮುಚ್ಚಿದರು. ಟೆಂಟ್ ಜೊತೆ ಬರುವ ಸಣ್ಣ ಗೂಟ ಅಲ್ಲಿ ಏನೂ ಪ್ರಯೋಜನವಿಲ್ಲ. ಉದ್ದನೆಯ ದಪ್ಪ ಕಬ್ಬಿಣದ ಸರಳು ಹೊಡೆಯಿರಿ, ತುದಿಗೆ ಟೆನಿಸ್ ಬಾಲ್ ಸಿಕ್ಕಿಸಿ, ಕತ್ತಲಲ್ಲಿ ಯಾರಿಗೂ ಚುಚ್ಚಬಾರದು. ಟೆಂಟ್ ಕೆಳಗೆ ಹಾಸುವ ಟಾರ್ಪಾಲು ಹೊರಗೆ ಇಣುಕದಂತೆ ಒಳಕ್ಕೆ ಮಡಚಿ. ಇಲ್ಲದಿದ್ದರೆ ಮಳೆನೀರು ಅದರ ಮೇಲೆ ನಿಂತು ನೇರ ಹಾಸಿಗೆಗೇ ಬರುತ್ತದೆ.

ಗಾಗಲ್ ಮತ್ತು ಎನ್95 ಮಾಸ್ಕ್ ಟೆಂಟ್‌ನಲ್ಲಿ ಬಿಟ್ಟು ಹೋಗಬೇಡಿ, ಸದಾ ಮೈಮೇಲೇ ಇರಲಿ. ಧೂಳೆದ್ದರೆ ಎದುರಿಗಿರುವವರೂ ಕಾಣುವುದಿಲ್ಲ. ಆಗ ಇದ್ದಲ್ಲೇ ನಿಲ್ಲಿ, ಸೈಕಲ್ ತುಳಿಯಬೇಡಿ.

ಕೇಳಿದವರು

ತುಂಬಾ ಥ್ಯಾಂಕ್ಸ್. ಸಂಕೋಚ ಬಿಟ್ಟು ಕೇಳುತ್ತೇನೆ, ಹೀಗಾದಾಗ ಟಾಯ್ಲೆಟ್ ಕಥೆ ಏನು?

ರೀನೋದಿಂದ

ಕೇಳಬೇಕಾದ್ದನ್ನೇ ಕೇಳಿದಿರಿ ನೋಡಮ್ಮ, ಇದರಲ್ಲಿ ಸಂಕೋಚ ಯಾಕೆ? ಟಾಯ್ಲೆಟ್ ಖಾಲಿ ಮಾಡುವ ಲಾರಿಗಳೂ ಕೆಸರಲ್ಲಿ ಓಡಾಡೋಕಾಗಲ್ಲ. ಮುಚ್ಚಳವಿರುವ ಒಂದು ಬಕೆಟ್, ಗಟ್ಟಿ ಚೀಲಗಳು, ಬೆಕ್ಕಿಗೆ ಹಾಕುವ ಲಿಟರ್ ಒಂದು ಮೂಟೆ, ಅಡ್ಡಕ್ಕೆ ಒಂದು ಪರದೆ ಇಟ್ಟುಕೊಳ್ಳಿ. ಮುಟ್ಟಿನ ದಿನಗಳ ಸಾಮಾನು, ಮಾತ್ರೆಗಳನ್ನೂ ಮೂರು ದಿನಕ್ಕೆ ಜಾಸ್ತಿ ಇಡಿ. ಆ ಚೀಲ ಹಿಂದಕ್ಕೆ ತರಬೇಕು, ಅಲ್ಲಿ ಏನನ್ನೂ ಬಿಡುವಂತಿಲ್ಲ. ಪಾತ್ರೆ ತೊಳೆದ ನೀರನ್ನೂ ನೆಲಕ್ಕೆ ಸುರಿಯಬಾರದು.

ಇನ್ನು ಕಾರು. ನೆಲ ಒಣಗುವ ಮುಂಚೆ ದಯವಿಟ್ಟು ಹೊರಡಬೇಡಿ. 2023ರಲ್ಲಿ ಹಾಗೆ ಹೊರಟು ಹೂತುಹೋದವರು ಬಹಳ. ಒಂದು ಕಾರು ಹೂತರೆ ಹಿಂದಿನವರಿಗೂ ದಾರಿ ಇಲ್ಲ, ಆಂಬ್ಯುಲೆನ್ಸ್‌ಗೂ ಇಲ್ಲ. ಪಕ್ಕದವರು ಹೊರಟರು ಅಂತ ನೀವೂ ಹೊರಡಬೇಡಿ. ಬರುವಾಗಲೇ ದಾರಿಯಲ್ಲಿ ಸಿಗುವ ಫರ್ನ್ಲಿ ಊರಲ್ಲಿ ಟ್ಯಾಂಕ್ ತುಂಬಿಸಿ. ಬಿಸಿಲು ಬಂದು ಕಾಲಡಿ ಗಟ್ಟಿಯಾದ ಮೇಲೂ, ಉತ್ಸವದ ರೇಡಿಯೊ ಎಫ್‌ಎಂ 94.5ರಲ್ಲಿ ಗೇಟ್ ತೆರೆಯಿತು ಅಂದ ಮೇಲೆಯೇ ಕೀಲಿ ತಿರುಗಿಸಿ. ಹೋಗುವಾಗಲೂ ಅಷ್ಟೇ. 2014ರಲ್ಲಿ ಮೊದಲ ದಿನವೇ ಮಳೆಯಾಗಿ ಬರುವವರನ್ನು ವಾಪಸ್ ಕಳಿಸಿದರು, ಎಷ್ಟೋ ಜನ ರೀನೋಗೆ ಬಂದು ರಾತ್ರಿ ಕಳೆದರು. ಹಾಗಾಗಿ ಹೊರಡುವ ಬೆಳಗ್ಗೆ ಗೇಟ್ ಸ್ಥಿತಿ ನೋಡಿಕೊಂಡೇ ಬನ್ನಿ.

ಕ್ಯಾಂಪ್‌ನಲ್ಲಿ ಜನರೇಟರ್ ಇದ್ದರೆ ವೈರು, ಪ್ಲಗ್ ನೆಲದ ಮೇಲೆ ಬಿಡಬೇಡಿ. ಮಳೆ ಶುರುವಾದ ಕೂಡಲೇ ಆಫ್ ಮಾಡಿ.

ಊರಲ್ಲಿ ಅಪ್ಪ ಅಮ್ಮನಿಗೆ ಮೊದಲೇ ಹೇಳಿಡಿ, ಅಲ್ಲಿ ಫೋನ್ ಸಿಗುವುದು ಅಪರೂಪ, ಟಿವಿಯಲ್ಲಿ ಏನೇ ತೋರಿಸಿದರೂ ಮೂರು ನಾಲ್ಕು ದಿನ ಸುದ್ದಿ ಇಲ್ಲದಿದ್ದರೆ ಗಾಬರಿಯಾಗಬೇಡಿ ಅಂತ. ಆಫೀಸಿಗೂ ಎರಡು ದಿನ ಹೆಚ್ಚಿಗೆ ರಜೆ ಬರೆದಿಡಿ.