ರುಮಾಲು ಬಿಚ್ಚಿದರೆ ಮಾಲೂರು ಆಗುತ್ತಾ?

ನಮ್ಮ 'ಕೋಲಾರದ ಮನೆ' ಗುಂಪಿನಲ್ಲಿ ಇಪ್ಪತ್ತೊಂದು ಜನ ಇದ್ದೇವೆ, ಮಾತಾಡುವವರು ಆರೇಳು ಜನ. ಉಳಿದವರು ಹಬ್ಬಕ್ಕೊಂದು ದೀಪದ ಚಿತ್ರ ಹಾಕಿ ಮಾಯ. ದೊಡ್ಡಪ್ಪ ಕನ್ನಡ ಮೇಷ್ಟ್ರಾಗಿದ್ದವರು. ನಿವೃತ್ತಿಯಾದ ಮೇಲೆ ಪ್ರತಿ ಭಾನುವಾರ ಗುಂಪಿಗೆ ಪದಗಳ ಒಗಟು ಹಾಕುತ್ತಾರೆ. ಉತ್ತರದ ಅಕ್ಷರಗಳು ಸುಳಿವಿನ ಒಳಗೇ ಅಡಗಿರುತ್ತವೆ, ನಾವು ಅದಲುಬದಲು ಮಾಡಿ ಹೊರಗೆ ತೆಗೆಯಬೇಕು. ಈ ಸಲ ಶ್ರೀನಿವಾಸಪುರದಿಂದ ತರಿಸಿದ ಒಂದು ಡಜನ್ ಬಾದಾಮಿ ಮಾವು ಬಹುಮಾನ ಅಂದುಬಿಟ್ಟರು. ಜಗಳ ಶುರುವಾಗಿದ್ದು ಅಲ್ಲಿಂದ. ಸ್ಟಿಕರ್‌ಗಳನ್ನೂ ಮಧ್ಯೆ ಬಂದ ಯಾವುದೋ ಕಷಾಯದ ಫಾರ್ವರ್ಡನ್ನೂ ತೆಗೆದು ಉಳಿದದ್ದನ್ನು ಇಲ್ಲಿ ಹಾಕಿದ್ದೇನೆ.

ದೊಡ್ಡಪ್ಪ: ಎಲ್ಲರಿಗೂ ಶುಭೋದಯ. ಮೊದಲ ಮೂರು ಅಭ್ಯಾಸಕ್ಕೆ. ಹಣ್ಣು ನಾಲ್ಕನೆಯದಕ್ಕೆ, ಮೊದಲು ಹೇಳಿದವರಿಗೆ.
ಕಲಕಿದ ಮರಣದಿಂದ ಎದ್ದು ಬಂದ ಗಂಡ (3)
ಹೊರಳಿದ ನದಿ, ಕಳೆದರೆ ಮತ್ತೆ ಸಿಗದು (2)
ಗಜ ತಿರುಗಿ ನಿಂತರೆ ಇಡೀ ಲೋಕ (2)
ರುಮಾಲು ಬಿಚ್ಚಿ ಬೇರೆ ಥರ ಸುತ್ತಿದರೆ ಹೆಂಚಿನ ಊರು (3)

ಅಮ್ಮ: ಭಾವ, ಬೆಳಗ್ಗೆ ಬೆಳಗ್ಗೆ ಮರಣ ಅಂತ ಯಾಕೆ ಹಾಕಿದಿರಿ? ನೋಟಿಫಿಕೇಶನ್‌ನಲ್ಲಿ ಅಷ್ಟೇ ಕಾಣಿಸಿತು. ಎದೆ ಧಸಕ್ಕಂತು.

ದೊಡ್ಡಪ್ಪ: ಕಲಕಿ ನೋಡಮ್ಮ, ಒಳ್ಳೆಯದೇ ಬರುತ್ತದೆ.

ತಮ್ಮ: ನದಿ ದಿನ. ಗಜ ಜಗ. ಮೊದಲನೆಯದು ಆಗುತ್ತಾನೇ ಇಲ್ಲ. ಮ, ರ, ಣ, ದಿಂ, ದ. ಐದು ಅಕ್ಷರ ಇದೆ, ಕೇಳಿರೋದು ಮೂರು.

ನಾನು: 'ದಿಂದ' ವಿಭಕ್ತಿ ಕಣೋ, ಅದನ್ನ ಕತ್ತರಿಸು. ಕನ್ನಡದಲ್ಲಿ ಒಗಟು ಕಟ್ಟೋರಿಗೆ ಇದೇ ಕಷ್ಟ. ಪದ ಒಂಟಿಯಾಗಿ ಬರೋದೇ ಇಲ್ಲ, ಬಾಲ ಅಂಟಿಸಿಕೊಂಡೇ ಬರುತ್ತದೆ. ಎಷ್ಟು ಬಾಲ ಬಿಡಬೇಕು ಅನ್ನೋದನ್ನ ಕೊನೆಯ ಅಂಕಿ ನೋಡಿ ತಿಳಿಯಬೇಕು. ಮರಣ ಕಲಕಿದರೆ ರಮಣ.

ಅಮ್ಮ: ಓ. ಚೆನ್ನಾಗಿದೆ. ಆದರೂ ಭಾನುವಾರ ಬೇಡ ಭಾವ.

ಮಾಲೂರು ಅತ್ತೆ: ನಮ್ಮೂರು!!! ಮಾಲೂರು. ಹಣ್ಣು ಕಳಿಸಣ್ಣ.

ದೊಡ್ಡಪ್ಪ: ಭೇಷ್. ಹಣ್ಣು ತಂಗಿಗೆ.

ನಾನು: ಒಂದು ನಿಮಿಷ ದೊಡ್ಡಪ್ಪ. ಇದು ಸರಿಯಿಲ್ಲ.

ಮಾಲೂರು ಅತ್ತೆ: ಏನು ಸರಿಯಿಲ್ಲ? ಹೆಂಚು ಅಂದರೆ ಮಾಲೂರೇ ತಾನೇ, ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತು.

ನಾನು: ಊರು ಸರಿ ಅತ್ತೆ, ಅಕ್ಷರ ಸರಿಯಿಲ್ಲ. ರುಮಾಲು ಅಂದರೆ ರು, ಮಾ, ಲು. ಮಾಲೂರು ಅಂದರೆ ಮಾ, ಲೂ, ರು. 'ಲು' ಹೋಗಿ 'ಲೂ' ಆಗಿದೆ. ರುಮಾಲಿನಲ್ಲಿ ಇರೋದನ್ನ ಎಷ್ಟು ಸುತ್ತಿದರೂ 'ಮಾಲುರು' ಬರುತ್ತದೆ ಅಷ್ಟೇ. ನಾನು ಒಂಬತ್ತೂವರೆಗೇ ಮಾಲೂರು ಅಂದುಕೊಂಡೆ, ಆಮೇಲೆ 'ಲೂ' ಎಲ್ಲೂ ಸಿಗಲಿಲ್ಲ ಅಂತ ಬಿಟ್ಟೆ. ಹೆಂಚು ಮಾಡೋ ಬೇರೆ ಊರು ಯಾವುದಿದೆ ಅಂತ ಮುಕ್ಕಾಲು ಗಂಟೆ ತಲೆ ಕೆಡಿಸಿಕೊಂಡಿದ್ದೇನೆ, ಇಡ್ಲಿ ತಣ್ಣಗಾಯಿತು.

ತಮ್ಮ: ಅತ್ತೆ ರುಮಾಲು ನೋಡಿದ್ದೀರಾ ಮೊದಲು?

ಮಾಲೂರು ಅತ್ತೆ: ಯಾವ ರುಮಾಲು?

(ಇಲ್ಲಿ ಹತ್ತು ನಗುವ ಮುಖಗಳು. ಎಂದೂ ಬಾಯಿ ಬಿಡದವರೂ ಹಾಕಿದ್ದರು.)

ದೊಡ್ಡಪ್ಪ: ನೋಡು ಪುಟ್ಟಿ, ಒಂದು ದೀರ್ಘಕ್ಕೆ ಇಷ್ಟು ರಂಪ ಬೇಡ. ವ್ಯಂಜನ ಮೂರೂ ಅವೇ ಇವೆ ಅಲ್ವಾ. ಬಸ್ ಕಂಡಕ್ಟರ್ 'ಮಾಲುರ್ ಮಾಲುರ್' ಅಂತಲೇ ಕೂಗುತ್ತಾನೆ. ಯಾರೂ ಬಸ್ ತಪ್ಪಿಸಿಕೊಂಡಿಲ್ಲ.

ನಾನು: ಕಂಡಕ್ಟರ್ ಕೂಗೋದು ಬೇರೆ, ಬೋರ್ಡ್ ಮೇಲೆ ಬರೆಯೋದು ಬೇರೆ. ಅಂಗಡಿಯಲ್ಲಿ ಯಾರಾದರೂ 'ಬಿಡಿ' ಅಂದರೆ ಬೀಡಿ ಕೊಡ್ತಾರಾ? ಒಂದು ದೀರ್ಘ ಅಷ್ಟೇ ವ್ಯತ್ಯಾಸ. ಚಿಕ್ಕವಳಿದ್ದಾಗ ಉಕ್ತಲೇಖನದಲ್ಲಿ ಇದಕ್ಕೇ ನೀವು ನನಗೆ ಅಂಕ ಕಳೆದಿದ್ದೀರಿ.

ದೊಡ್ಡಪ್ಪ: ಪದಬಂಧದ ವಿಷಯ ನನಗೆ ಹೇಳಿಕೊಡಬೇಡ. ಸಾವಿರ ಸಾವಿರ ಕನ್ನಡ ಪದಬಂಧ ಕಟ್ಟಿದ ಅ.ನಾ. ಪ್ರಹ್ಲಾದರಾವ್ ನಮ್ಮ ಜಿಲ್ಲೆಯವರೇ, ಅಬ್ಬಣಿಯವರು. ಈ ಮಣ್ಣಲ್ಲೇ ಅದು ಇದೆ.

ನಾನು: ಪದಬಂಧ ಅಂದಿರಿ, ಅಲ್ಲಿಗೇ ಬನ್ನಿ. ಎಡದಿಂದ ಬಲಕ್ಕೆ ಮಾಲೂರು. ಆ 'ಲೂ' ಮನೆಯಿಂದ ಮೇಲಿನಿಂದ ಕೆಳಕ್ಕೆ ಲೂಟಿ ಅಂತ ಇದೆ ಅಂದುಕೊಳ್ಳಿ. ಲು ಬರೆದರೆ ಲುಟಿ ಆಗುತ್ತದೆ. ಮನೆಯೊಳಗೆ ಕೂತ ಅಕ್ಷರ ಕೊಂಬು, ದೀರ್ಘ, ಒತ್ತು ಎಲ್ಲಾ ಸಮೇತ ಕೂರುತ್ತದೆ. ಕೂರುವಾಗ ಅಷ್ಟು ಕಟ್ಟುನಿಟ್ಟು, ಕಲಕುವಾಗ ಮಾತ್ರ ಸಡಿಲ ಅಂದರೆ ಹೇಗೆ?

ಚಿಕ್ಕಪ್ಪ ಬೆಂಗಳೂರು: ಈಗ ನೋಡಿದೆ. ಚೆನ್ನಾಗಿದೆ ಚರ್ಚೆ. ಇಂಗ್ಲಿಷ್ ಪೇಪರಿನ ಕ್ರಾಸ್‌ವರ್ಡ್ ನಾನು ಮೆಟ್ರೋದಲ್ಲಿ ದಿನಾ ಮಾಡ್ತೀನಿ, ಅದಕ್ಕೆ ಹೇಳ್ತಿದ್ದೀನಿ. ಇಂಥ ಸುಳಿವಿನಲ್ಲಿ ಮೂರು ಭಾಗ ಇರುತ್ತೆ. ಒಂದು ಕಡೆ ನೇರ ಅರ್ಥ, ಅದು ಸಾಮಾನ್ಯವಾಗಿ ಸುಳಿವಿನ ಮೊದಲಲ್ಲೋ ಕೊನೆಯಲ್ಲೋ ಇರುತ್ತೆ. ಇಲ್ಲಿ 'ಹೆಂಚಿನ ಊರು'. ಇನ್ನೊಂದು ಕಚ್ಚಾ ಸಾಮಾನು, ಅಂದರೆ ರುಮಾಲು. ಮೂರನೆಯದು ಕಲಕು ಅಂತ ಹೇಳೋ ಪದ. ಇಂಗ್ಲಿಷ್‌ನಲ್ಲಿ ಮುರಿದ, ಕುಡಿದ, ಹುಚ್ಚಾದ, ಕುಣಿಯುವ ಅಂತೆಲ್ಲಾ ಹಾಕ್ತಾರೆ. ಸುಳಿವಿನಲ್ಲಿ ಕುಡುಕ ಬಂದ ಅಂದರೆ ಪಕ್ಕದ ಪದ ತೂರಾಡ್ತಿದೆ ಅಂತ ಅರ್ಥ. ಅಣ್ಣ 'ಬಿಚ್ಚಿ ಸುತ್ತಿದರೆ' ಅಂತ ಹಾಕಿದ್ದು ಸೊಗಸಾಗಿದೆ, ರುಮಾಲಿಗೂ ಹೊಂದುತ್ತೆ. ಆದರೆ ಕಚ್ಚಾ ಸಾಮಾನಿನಲ್ಲಿ ಇಲ್ಲದ್ದು ಉತ್ತರದಲ್ಲಿ ಬರೋ ಹಾಗಿಲ್ಲ.

ತಮ್ಮ: ಚಿಕ್ಕಪ್ಪ ಪಾಠ ಶುರು.

ಚಿಕ್ಕಪ್ಪ ಬೆಂಗಳೂರು: ಕೇಳೋ. ಮೊದಲ ಕ್ರಾಸ್‌ವರ್ಡ್ ಬಂದಿದ್ದು 1913ರ ಡಿಸೆಂಬರ್ 21ಕ್ಕೆ, ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ. ಆರ್ಥರ್ ವಿನ್ ಅನ್ನೋರು ಮಾಡಿದ್ದು. ಅದು ಸೀದಾ ಸಾದಾ. ಈ ತಲೆ ತಿರುಗಿಸೋ ಥರದ್ದು ಬೆಳೆದಿದ್ದು ಇಂಗ್ಲೆಂಡಲ್ಲಿ. ಅಬ್ಸರ್ವರ್ ಪತ್ರಿಕೆಗೆ 1926ರಿಂದ ಒಬ್ಬರು ಟಾರ್ಕೆಮಾಡಾ ಅಂತ ಹೆಸರಿಟ್ಟುಕೊಂಡು ಬರೆದರು, ಅವರು ತೀರಿಕೊಂಡ ಮೇಲೆ 1939ರಲ್ಲಿ ಇನ್ನೊಬ್ಬರು ಜಿಮೆನೀಸ್ ಅಂತ ಬಂದರು. ಎರಡೂ ಹಳೇ ಸ್ಪೇನಿನಲ್ಲಿ ಜನರನ್ನ ವಿಚಾರಣೆ ಮಾಡಿ ಹಿಂಸೆ ಕೊಟ್ಟ ಪಾದ್ರಿಗಳ ಹೆಸರು! ಮಜಾ ಏನಂದರೆ, ಸುಳಿವು ನ್ಯಾಯವಾಗಿರಬೇಕು ಅಂತ ಪಟ್ಟು ಹಿಡಿದವರು ಈ ಜಿಮೆನೀಸೇ.

ಅಮ್ಮ: ಹಿಂಸೆ ಅಂದಿದ್ದು ಸರಿಯಾಗಿದೆ.

ದೊಡ್ಡಪ್ಪ: ತಮ್ಮಾ, ಇಂಗ್ಲಿಷ್ ಅಳತೆಗೋಲು ಇಲ್ಲಿ ತರಬೇಡ. ಅವರದು ಬಿಡಿ ಅಕ್ಷರ.

ಚಿಕ್ಕಪ್ಪ ಬೆಂಗಳೂರು: ಅದೂ ನಿಜ ಅಣ್ಣ. ಅಲ್ಲಿ ಇ, ಎ, ಟಿ ಮೂರಿದ್ದರೆ ಈಟ್ ಆಗುತ್ತೆ, ಟೀ ಆಗುತ್ತೆ, ಏಟ್ ಆಗುತ್ತೆ. ಸ್ವರಕ್ಕೂ ಅದರದೇ ಮನೆ. ನಮ್ಮಲ್ಲಿ ಸ್ವರ ವ್ಯಂಜನದ ಹೆಗಲ ಮೇಲೆ ಕೂತಿರುತ್ತೆ.

ನಾನು: ಅದಕ್ಕೇ ನಮ್ಮಲ್ಲಿ ಜಾಸ್ತಿ ಹುಷಾರಾಗಿರಬೇಕು ಚಿಕ್ಕಪ್ಪ. ಅವರ ಹತ್ತಿರ ಕಲಕೋಕೆ ಏಳೆಂಟು ಅಕ್ಷರ ಇರುತ್ತವೆ, ನಮಗೆ ಮೂರೇ. ಮೂರರಲ್ಲಿ ಒಂದನ್ನ ಬದಲಾಯಿಸಿದರೆ ಉಳಿಯೋದೇನು? ಮದನ ಕಲಕಿದರೆ ದಮನ. ಸದಾ ತಿರುಗಿಸಿದರೆ ದಾಸ, ಆ ದೀರ್ಘ 'ದಾ' ಜೊತೆಗೇ ಹೋಯಿತು ನೋಡಿ. ಹಾಗಿರಬೇಕು.

ದೊಡ್ಡಪ್ಪ: ಹಾಗಾದರೆ ವಾಲ್ಮೀಕಿ ಕಥೆ ಏನು ಹೇಳುತ್ತೀಯ? ನಾರದರು ಮರ ತೋರಿಸಿ 'ಮರ ಮರ' ಅನ್ನು ಅಂದರು. ಅದೇ ತಿರುಗಿ ರಾಮ ಆಯಿತು. ನಿನ್ನ ಲೆಕ್ಕದಲ್ಲಿ 'ರಮ' ಆಗಬೇಕಿತ್ತು. ರಾಮನೇ ಒಂದು ದೀರ್ಘ ಬಿಟ್ಟುಕೊಟ್ಟು ಒಲಿದ, ನೀನು ಒಂದು ಡಜನ್ ಮಾವಿನ ಹಣ್ಣಿಗೆ ಬಿಡುವುದಿಲ್ಲ.

ಇದಕ್ಕೆ ಸ್ವಲ್ಪ ಹೊತ್ತು ನನಗೆ ಉತ್ತರ ಹೊಳೆಯಲಿಲ್ಲ. ಸುಳ್ಳು ಯಾಕೆ ಹೇಳಲಿ, ದೊಡ್ಡಪ್ಪ ಅಲ್ಲಿ ಗೆದ್ದರು ಅಂತಲೇ ಅನ್ನಿಸಿತು. ಅತ್ತೆ ಕೈಮುಗಿಯುವ ಚಿಹ್ನೆ ಹಾಕಿದರು. ಅಮ್ಮ ಅಡುಗೆಮನೆಯಿಂದಲೇ 'ಈಗ ಹೇಳು' ಅಂತ ಕೂಗಿದರು.

ನಾನು: ಜಪ ಮಾಡುವಾಗ ನಿಲ್ಲಿಸದೆ ಹೇಳಬೇಕು, ಎಳೆದು ಎಳೆದು 'ಮರಾ ಮರಾ' ಆಗುತ್ತದೆ. ಕಥೆ ಹೇಳೋರೂ ಅಲ್ಲಿ 'ಮರಾ' ಅಂತಲೇ ಎಳೆಯುತ್ತಾರೆ, ಎಳೆಯದಿದ್ದರೆ ರಾಮ ಬರೋದಿಲ್ಲ ಅಂತ ಅವರಿಗೂ ಗೊತ್ತು. ಎಳೆದಿದ್ದು ಕೇಳಿಸುತ್ತದೆ ದೊಡ್ಡಪ್ಪ. ನಿಮ್ಮ ಸುಳಿವಿನಲ್ಲಿ ಎಳೆದಿದ್ದು ಎಲ್ಲಿದೆ?

ಚಿಕ್ಕಮ್ಮ: ಅಷ್ಟೇ ತಾನೇ? ಎಳೆದಿದ್ದೀವಿ ಅಂತ ಸುಳಿವಿನಲ್ಲೇ ಹೇಳಿಬಿಟ್ಟರೆ ಆಯಿತಪ್ಪ. 'ರುಮಾಲಿನ ತುದಿ ಎಳೆದು ಬೇರೆ ಥರ ಸುತ್ತಿದರೆ ಹೆಂಚಿನ ಊರು'. ತುದಿ ಅಂದರೆ ಕೊನೇ ಅಕ್ಷರ ಲು. ಎಳೆದರೆ ಲೂ. ರುಮಾಲು ಸುತ್ತುವಾಗ ತುದಿ ಎಳೆಯೋದು ಇದ್ದೇ ಇದೆ, ನಮ್ಮಪ್ಪ ದಿನಾ ಬಾಗಿಲ ಚಿಲಕಕ್ಕೆ ಕಟ್ಟಿ ಎಳೀತಿದ್ದರು.

ನಾನೂ ಚಿಕ್ಕಪ್ಪನೂ ಒಂದೇ ಸಲ ಚಪ್ಪಾಳೆ ಹಾಕಿದೆವು. ಚಿಕ್ಕಮ್ಮ ಇಷ್ಟು ವರ್ಷದಲ್ಲಿ ಈ ಗುಂಪಿನಲ್ಲಿ ಒಂದು ಒಗಟಿಗೂ ಉತ್ತರ ಹೇಳಿದವರಲ್ಲ.

ನಾನು: ಚಿಕ್ಕಮ್ಮ ಸೂಪರ್! ಒಂದೇ ಒಂದು. 'ರುಮಾಲಿನ' ಅಂದಾಗ 'ಲು' ಹೋಗಿ 'ಲಿ' ಆಯಿತು. ಎಳೆದರೆ ಮಾಲೀರು ಆಗುತ್ತದೆ. ರುಮಾಲು ಅಂತಲೇ ಉಳಿಸಬೇಕು.

ತಮ್ಮ: ಅಕ್ಕ ಸಾಕು. ದಮ್ಮಯ್ಯ.

ಚಿಕ್ಕಮ್ಮ: ಸರಿ ತಗೋ. 'ರುಮಾಲು ಬಿಚ್ಚಿ, ತುದಿ ಎಳೆದು ಸುತ್ತಿದರೆ ಹೆಂಚಿನ ಊರು (3)'. ನನಗೆ ಬಟ್ಟೆ ಒಗೆಯೋದಿದೆ.

ಆಮೇಲೆ ಎರಡು ಗಂಟೆ ದೊಡ್ಡಪ್ಪನ ಸುದ್ದಿಯಿಲ್ಲ. ನೀಲಿ ಗೆರೆ ಬಂದಿತ್ತು, ಓದಿದ್ದರು. ಮಧ್ಯಾಹ್ನ ಊಟ ಆದ ಮೇಲೆ ನೋಡಿದರೆ ಬೆಳಗಿನ ಒಗಟಿನ ಮೆಸೇಜ್ ಡಿಲೀಟ್ ಆಗಿದೆ. ಕೆಳಗೆ ಹೊಸದು ಬಂದಿದೆ, 'ಎಲ್ಲರಿಗೂ ಶುಭೋದಯ' ಸಮೇತ. ರುಮಾಲಿನ ಸುಳಿವಿನ ಜಾಗದಲ್ಲಿ ಚಿಕ್ಕಮ್ಮನ ಸಾಲು, ಅಲ್ಪವಿರಾಮ ಕೂಡ ಅಲ್ಲೇ ಇದೆ. ಮರಣದ ಸುಳಿವು ಪಟ್ಟಿಯ ಕೊನೆಗೆ ಹೋಗಿದೆ.

ತಮ್ಮ: ದೊಡ್ಡಪ್ಪ, ಬೆಳಗ್ಗಿನದರ ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇದೆ.

ದೊಡ್ಡಪ್ಪ: ಇಟ್ಟುಕೋ. ಸುಳಿವು ತಿದ್ದಿದ್ದೇನೆ, ಉತ್ತರ ಬದಲಾಗಿಲ್ಲ. ಹಣ್ಣು ಮಾಲೂರಿಗೇ.

ನಾನು: ಉತ್ತರ ಗೊತ್ತಿದ್ದೂ ಹೇಳದವಳಿಗೆ ಏನೂ ಇಲ್ವಾ?

ಮಾಲೂರು ಅತ್ತೆ: ಬಾರೇ ಮನೆಗೆ, ಎರಡು ಕೊಡ್ತೀನಿ. ಅಣ್ಣ, ಬಸ್ಸಲ್ಲಿ ಕಳಿಸಬೇಡ, ಬಾದಾಮಿ ಜಜ್ಜಿ ಹೋಗುತ್ತೆ, ಯಾರಾದರೂ ಬರೋರ ಕೈಲಿ ಕೊಡು. ಹನ್ನೆರಡೂ ಎಣಿಸಿ ಇಡು.

ದೊಡ್ಡಮ್ಮ: ಎಣಿಸಿದೆ. ಒಂಬತ್ತಿದೆ. ಶುಗರ್ ಇದ್ದರೂ ಬೆಳಗ್ಗೆಯಿಂದ ಒಗಟು ತಿದ್ದುತ್ತಾ ಕೂತಿದ್ದರು ನಿಮ್ಮಣ್ಣ, ತಟ್ಟೆಯಲ್ಲಿ ಮೂರು ವಾಟೆ ಇವೆ.

ಮಾಲೂರು ಅತ್ತೆ: ಅಣ್ಣಾ!!