ಸಬ್ ಜೈಲಿಂದ ಹಿಂಡಲಗಾಕ್ಕ ಒಯ್ದಾರ, ಅಂದ್ರ ಸಜಾ ಆದಂಗನ? ಗೊತ್ತಿದ್ದವರು ಹೇಳ್ರಿ

ಎಲ್ಲರಿಗೂ ನಮಸ್ಕಾರ್ರಿ. ನಮ್ಮದು ಬೈಲಹೊಂಗಲ ಕಡೆ ಹಳ್ಳಿ. ಹೊಲದ ಬದುವಿನ ಸಲುವಾಗಿ ಜಗಳಾಗಿ ನಮ್ಮ ಸೋದರಮಾವನ ಮಗನ ಮ್ಯಾಲೆ ಕೇಸ್ ಆಗೇತಿ, ಎದುರಿನಾಂವಗ ತಲಿಗೆ ಪೆಟ್ಟ ಬಿದ್ದೈತಿ. ಒಂದ ರಾತ್ರಿ ಸ್ಟೇಷನ್ ಲಾಕಪ್, ಆಮ್ಯಾಲೆ ಸಬ್ ಜೈಲ್, ಮೊನ್ನೆ ಅಲ್ಲಿ ಜಾಗಾ ಸಾಲವಲ್ದು ಅಂತ ಬೆಳಗಾವಿಯ ಹಿಂಡಲಗಾ ಸೆಂಟ್ರಲ್ ಜೈಲಿಗೆ ಹಾಕ್ಯಾರ. ಕೇಳಿದಾಗಿಂದ ಅತ್ತಿ ಊಟ ಬಿಟ್ಟಾಳ, "ಅದು ಫಾಸಿ ಕೊಡು ತುರಂಗ, ನನ್ನ ಮಗಂದು ಮುಗೀತು" ಅಂತಾಳ. ಕೋರ್ಟಿನ್ಯಾಗ ಇನ್ನೂ ಕೇಸ ಶುರು ಆಗಿಲ್ಲ. ಈ ಲಾಕಪ್, ಸಬ್ ಜೈಲ್, ಸೆಂಟ್ರಲ್ ಜೈಲ್ ಅಂದ್ರ ಏನ ಫರಕ? ಭೆಟ್ಟಿ ಆಗಾಕ ಹೋದ್ರ ಏನ ಒಯ್ಯಬೇಕು? ಅನುಭವ ಇದ್ದವರು ಬರೀರಿ.

ವಿಜಯಪುರದಾಂವ:
ಮೊದಲ ಅತ್ತಿಯವರಿಗೆ ಊಟ ಮಾಡ್ಸ್ರಿ. ನಮ್ಮ ಕಾಕಾನೂ 2019ರಾಗ ಇಂಥಾದ ಒಂದ ಜಗಳದಾಗ ಇಲ್ಲಿ ದರ್ಗಾ ಸೆಂಟ್ರಲ್ ಜೈಲಿನ್ಯಾಗ 47 ದಿನ ಇದ್ದ, ನಮ್ಮ ಮನ್ಯಾಗೂ ಸೆಂಟ್ರಲ್ ಜೈಲ್ ಅಂದ ಕೂಡ್ಲೆ ಹೆಣಾ ಹೋದಂಗ ಅತ್ತಿದ್ರು. ಒಳಗ ಹೋಗಿ ನೋಡಿದ್ರ ಕಾಕಾ ತಂದ ಲುಂಗಿ ಅಂಗಿ ಮ್ಯಾಲ ಇದ್ದ. ಅದನ್ನ ನೋಡಿನ ನನಗ ತಿಳಿದದ್ದು. ಸಜಾ ಆದವರಿಗೆ ಜೈಲಿನ ಬಿಳಿ ಬಟ್ಟಿ, ವಿಚಾರಣಾಧೀನ, ಅಂದ್ರ ಕೇಸ್ ಇನ್ನೂ ತೀರ್ಮಾನ ಆಗದ ಇದ್ದವರಿಗೆ ಸ್ವಂತ ಬಟ್ಟಿ. ಗ್ವಾಡಿ ಒಂದ, ಒಳಗಿನ ಮಂದಿ ಎರಡ ಥರ. ನಿಮ್ಮ ಹುಡುಗ ವಿಚಾರಣಾಧೀನ, ಸಜಾ ಆಗಿಲ್ಲ, ಕೋರ್ಟ್ ತೀರ್ಪು ಕೊಡೂ ತನಕ ಆಗೂದೂ ಇಲ್ಲ. ಅತ್ತಿ ಹೇಳಿದ್ದು ಪೂರಾ ಸುಳ್ಳಲ್ಲ ಬಿಡ್ರಿ, ಹಿಂಡಲಗಾ 1923ರಾಗ ಬ್ರಿಟಿಷರು ಕಟ್ಟಿದ್ದು, ಗಲ್ಲಿನ ಕಟ್ಟಿ ಅಲ್ಲಿ ಐತಿ ಖರೆ, ಆದ್ರ 1983ರ ಮ್ಯಾಲೆ ಅಲ್ಲಿ ಯಾರನ್ನೂ ಗಲ್ಲಿಗೆ ಏರಿಸಿಲ್ಲ. ಬದುವಿನ ಜಗಳಕ್ಕೂ ಅದಕ್ಕೂ ಏನ ಸಂಬಂಧ.

ವಕೀಲರ ಕಡೆ ಗುಮಾಸ್ತ, ಬಾಗಲಕೋಟಿ:
ಮ್ಯಾಲಿನವರು ಹೇಳಿದ್ದ ಸರಿ, ಎಲ್ಲಿ ಇಟ್ಟಾರ ಅನ್ನೂದಕ್ಕಿಂತ ಕೇಸ್ ಯಾವ ಹಂತದಾಗ ಐತಿ ಅನ್ನೂದ ನೋಡ್ರಿ. ಲಾಕಪ್ ಪೊಲೀಸರದು, ಹಿಡದ 24 ತಾಸಿನ್ಯಾಗ ಮ್ಯಾಜಿಸ್ಟ್ರೇಟರ ಮುಂದ ನಿಲ್ಲಸಬೇಕು. ಆಮ್ಯಾಲೆ ಪೊಲೀಸ್ ಕಸ್ಟಡಿ ಬೇಕಂದ್ರ ಒಟ್ಟ ಹದಿನೈದ ದಿನದ ಮ್ಯಾಲೆ ಕೊಡಂಗಿಲ್ಲ, ಉಳಿದದ್ದೆಲ್ಲಾ ನ್ಯಾಯಾಂಗ ಬಂಧನ, ಅದಕ್ಕ ಜೈಲು. ಅಲ್ಲಿ ಪೊಲೀಸರ ಕೈ ನಡೆಯಂಗಿಲ್ಲ, ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆ ಅಂತ ಬ್ಯಾರೆ ಇಲಾಖೆನ ಐತಿ. ತಾಲೂಕಿನ ಮಟ್ಟಕ್ಕ ಸಬ್ ಜೈಲ್, ಜಿಲ್ಲಾಕ್ಕ ಜಿಲ್ಲಾ ಕಾರಾಗೃಹ, ಎರಡ ವರ್ಷಕ್ಕಿಂತ ಜಾಸ್ತಿ ಸಜಾ ಆದವರಿಗೆ ಸಾಮಾನ್ಯವಾಗಿ ಸೆಂಟ್ರಲ್. ಆದ್ರ ಸೆಂಟ್ರಲ್‌ನ್ಯಾಗ ಸಜಾ ಆದವರಷ್ಟ ಇರ್ತಾರ ಅಂತ ತಿಳ್ಕೋಬ್ಯಾಡ್ರಿ, 2022ರ ಲೆಕ್ಕಕ್ಕ ದೇಶದ ಜೈಲಿನ್ಯಾಗ ಇದ್ದ ಐದೂ ಮುಕ್ಕಾಲ ಲಕ್ಷದಷ್ಟ ಮಂದ್ಯಾಗ ನೂರಕ್ಕ 75ರ ಮ್ಯಾಲೆ ವಿಚಾರಣಾಧೀನರ.

ಈಗ ಮುಖ್ಯ ಮಾತು, ಕ್ಯಾಲೆಂಡರ್ ತಗೊಂಡ ಮೊದಲ ರಿಮಾಂಡ್ (ಮ್ಯಾಜಿಸ್ಟ್ರೇಟರು ಬಂಧನದಾಗ ಇಡ್ರಿ ಅಂದ) ದಿನಕ್ಕ ಗುರ್ತ ಹಾಕ್ರಿ. ಹತ್ತ ವರ್ಷ ಅಥವಾ ಅದಕ್ಕಿಂತ ಜಾಸ್ತಿ, ಜೀವಾವಧಿ, ಮರಣದಂಡನೆ ಇಂಥಾ ಕಲಮ್ ಇದ್ರ 90 ದಿನ, ಇಲ್ಲಂದ್ರ 60 ದಿನ, ಅಷ್ಟರಾಗ ಪೊಲೀಸರು ಚಾರ್ಜ್‌ಶೀಟ್ (ತನಿಖೆ ಮುಗಿಸಿ ಕೋರ್ಟಿಗೆ ಕೊಡೂ ಆರೋಪ ಪಟ್ಟಿ) ಹಾಕಲಿಲ್ಲ ಅಂದ್ರ ಜಾಮೀನು ಹಕ್ಕಿನಂಗ ಸಿಗ್ತೈತಿ. ಆದ್ರ ಅರ್ಜಿ ನೀವ ಹಾಕಬೇಕು, ತಾನಾಗಿ ಯಾರೂ ಬಿಡಂಗಿಲ್ಲ, ನೀವು ನಾಳೆ ಹಾಕೂಣು ಅಂತ ಕುಂತ್ರ ಅಷ್ಟರಾಗ ಚಾರ್ಜ್‌ಶೀಟ್ ಬಂದ್ರ ಹಕ್ಕ ಹೋತು. ತಲಿಗೆ ಪೆಟ್ಟ ಅಂತೀರಿ, ಕೊಲೆ ಯತ್ನದ ಕಲಮ್ ಹಾಕ್ಯಾರೋ ಬರೇ ಗಾಯದ ಕಲಮೋ ಎಫ್‌ಐಆರ್ ನೋಡ್ರಿ, ದಿನದ ಲೆಕ್ಕ ಅದರ ಮ್ಯಾಲ ಐತಿ. ಕೆಳಗಿನ ಕೋರ್ಟಿನ್ಯಾಗ ಆಗಲಿಲ್ಲ ಅಂದ್ರ ನಿಮಗ ಧಾರವಾಡ ಹೈಕೋರ್ಟ್ ಪೀಠ. (ವಿಜಯಪುರದವರಿಗೆ ಕಲಬುರಗಿ ಪೀಠ, ಮಂದಿ ಇದನ್ನ ಅದಲಿ ಬದಲಿ ಮಾಡ್ಕೊಂಡ ತಿರಗ್ಯಾಡ್ತಾರ.)

ಹೆಸರ ಬ್ಯಾಡ:
ನಾ ಸ್ವತಾ ಒಳಗ ಇದ್ದ ಬಂದಾಂವ. ಮೊದಲ ಸಬ್ ಜೈಲ್, ಆಮ್ಯಾಲೆ ಸೆಂಟ್ರಲ್, ಯಾವ ಊರು ಅಂತ ಕೇಳಬ್ಯಾಡ್ರಿ. ನಿಮಗ ಉಲ್ಟಾ ಅನಸಬಹುದು, ನನಗ ಸಬ್ ಜೈಲ್‌ಕಿಂತ ಸೆಂಟ್ರಲ್ ಬೇಷ್ ಇತ್ತು. ಸಬ್ ಜೈಲಿನ್ಯಾಗ ಊರ ಸಮೀಪ ಅನ್ನೂದೊಂದ ಸುಖ, ಮನಿಯವರು ಬರ್ತಾರ, ಆದ್ರ ಸಣ್ಣ ಖೋಲಿ, ರಾತ್ರಿ ಹೊಳ್ಳಾಕ ಜಾಗಾ ಇಲ್ಲ, ಎದುರ ಪಾರ್ಟಿಯವರ ಸಂಬಂಧಿಕನೂ ಅದ ಖೋಲಿಯಾಗ, ಜ್ವರ ಬಂದ್ರ ಸರ್ಕಾರಿ ದವಾಖಾನಿಗೆ ಒಯ್ಯಾಕ ಪೊಲೀಸರು ಖಾಲಿ ಆಗೂ ತನಕ ಕಾಯಬೇಕು. ದೊಡ್ಡ ಜೈಲಿನ್ಯಾಗ ಡಾಕ್ಟರ್ ಅಲ್ಲೇ, ಓದಾಕ ಪುಸ್ತಕ, ಅಡ್ಡಾಡಾಕ ಅಂಗಳ. ಹೊಸದಾಗಿ ಹೋದ ಮೊದಲ ಮೂರ ನಾಕ ದಿನ ಭಾಳ ಕಷ್ಟ, ಅಂಜಸವರು ಇರ್ತಾರ, ಬಾಯಿ ಮುಚ್ಚಕೊಂಡ ಇದ್ರ ಆತು. ಹುಡುಗಗ ಹೇಳ್ರಿ ಯಾರ ಕಡೆನೂ ಸಾಲ ಮಾಡಬ್ಯಾಡ, ಬೀಡಿ ಕೂಡ ಇಸಕೋಬ್ಯಾಡ, ಒಂದ ಬೀಡಿ ಹತ್ತ ಆಗಿ ಹೊಳ್ಳಿ ಕೇಳ್ತಾರ.

ಸಜಾ ಆದಮ್ಯಾಲೆ ಬದುಕ ಬ್ಯಾರೆ. ಕಠಿಣ ಸಜಾ ಅಂದ್ರ ಕೆಲಸ ಮಾಡಬೇಕು, ಕೂಲಿ ಬರ್ತೈತಿ, ನಡತಿ ಛೊಲೊ ಇದ್ರ ದಿನ ಮಾಫಿ, ಪೆರೋಲ್ (ಸ್ವಲ್ಪ ದಿನ ಮನಿಗೆ ಬಿಡೂದು) ಅನ್ನೂದೂ ಸಜಾ ಕೈದಿಗೇನ. ವಿಚಾರಣಾಧೀನಗ ಇವು ಯಾವೂ ಇಲ್ಲ, ಅವಂಗ ಕೋರ್ಟಿನ ತಾರೀಖು ಒಂದ. ಇವತ್ತ ಬಿಡ್ತಾರೋ ನಾಳೆ ಬಿಡ್ತಾರೋ ಅನ್ನೂ ಚಿಂತ್ಯಾಗ ಸಜಾ ಆದವರಕಿಂತ ಜಾಸ್ತಿ ಸೊರಗಿದ್ದ ನಾ ಆವಾಗನ. ಮುಂದ ಸಜಾ ಆದ್ರ ಒಳಗ ಕಳದ ದಿನ ಅದರಾಗ ವಜಾ ಆಗ್ತಾವು, ಅದೊಂದ ಸಮಾಧಾನ.

ಗೋಕಾಕ ತಮ್ಮ:
ನಮ್ಮ ಅಣ್ಣ ಅಮೇರಿಕಾದಾಗ ಅದಾನ, ಅಲ್ಲಿ ಜೈಲ್ ಬ್ಯಾರೆ ಪ್ರಿಸನ್ ಬ್ಯಾರೆ ಅಂತ. ಜೈಲ್ ಅಂದ್ರ ಹೆಚ್ಚಾಗಿ ಕೌಂಟಿ ಶೆರಿಫ್ ಕೈಯಾಗ, ವಿಚಾರಣೆಗೆ ಕಾಯವರು, ವರ್ಷದೊಳಗಿನ ಸಣ್ಣ ಸಜಾದವರು. ದೊಡ್ಡ ಸಜಾ ಆದ್ರ ಪ್ರಿಸನ್, ಅದು ರಾಜ್ಯದ್ದು ಇಲ್ಲಾ ಕೇಂದ್ರದ್ದು. ನಮ್ಮಲ್ಲಿ ಬೋರ್ಡಿಗೆ ಕಾರಾಗೃಹ ಅಂತ ಬರೀತಾರ, ಬಾಯಾಗ ಜೈಲ್, ಅಜ್ಜಗೋಳಿಗೆ ತುರಂಗ, ಎಲ್ಲಾ ಒಂದ. ಅದಕ್ಕ ಸಿನಿಮಾ ನೋಡಿ ಗೊಂದಲ ಮಾಡ್ಕೋಬ್ಯಾಡ್ರಿ.

ಮುಧೋಳದ ಅಕ್ಕ:
ಗಂಡಸರು ಕಾಯ್ದೆ ಬರದ್ರಿ, ನಾ ಗೇಟಿನ ಮುಂದ ನಿಂತಾಕಿ, ಅದನ್ನ ಹೇಳ್ತೀನಿ. ಹೋಗೂಕಿಂತ ಮೊದಲ ಮುಲಾಕಾತ್ (ಕೈದಿ ಭೆಟ್ಟಿ) ಯಾವ ದಿನ, ಎಷ್ಟ ಗಂಟೆಗೆ, ಫೋನ್ ಮಾಡಿ ಕೇಳ್ಕೋರಿ. ಇ-ಮುಲಾಕಾತ್ ಅಂತ ಆನ್‌ಲೈನ್ ಬುಕಿಂಗ್ ಐತಿ, ಹುಡುಗ್ರ ಕಡೆ ಮಾಡ್ಸ್ರಿ. ಹೋದವರೆಲ್ಲಾರ್ದೂ ಆಧಾರ್ ಬೇಕು. ನಮ್ಮ ಮನಿಯವರಿಗೆ ಬಿಪಿ ಗುಳಿಗಿ ಒಯ್ದಿದ್ದೆ, ಡಾಕ್ಟರ್ ಚೀಟಿ ಇಲ್ಲಂತ ತಗೊಳ್ಳಲಿಲ್ಲ, ಮತ್ತೊಂದ ಸಲ ಎಂಬತ್ತ ಕಿಲೋಮೀಟರ್ ಹೋದೆ. ರೊಟ್ಟಿ ಶೇಂಗಾ ಹಿಂಡಿ ಗೇಟಿನ್ಯಾಗ ಹೊಳ್ಳಿ ಕೊಟ್ರು. ರೊಕ್ಕಾ ಕೈಯಾಗ ಕೊಡಾಕ ಹೋಗಬ್ಯಾಡ್ರಿ, ಕೈದಿ ಹೆಸರಿನ ಖಾತೆಕ್ಕ ಕಟ್ಟಿದ್ರ ಒಳಗಿನ ಕ್ಯಾಂಟೀನ್‌ನ್ಯಾಗ ತಗೋತಾರ. ಗೇಟಿನ ಹೊರಗ ಒಬ್ಬಾಂವ "ಅಕ್ಕಾ, ಒಳಗ ನಮ್ಮವರ ಅದಾರ, ಛೊಲೊ ಖೋಲಿ ಕೊಡಸ್ತೀನಿ" ಅಂತ ಎರಡ ಸಾವಿರ ಹೊಡದ, ಮಾರನೇ ದಿನ ಫೋನ್ ಬಂದ್.

ಇನ್ನೊಂದು, ಜಾಮೀನು ಆರ್ಡರ್ ಆತು ಅಂದ್ರ ಹುಡುಗ ಬಂದಂಗ ಅಲ್ಲ. ಜಾಮೀನುದಾರರ ಹೊಲದ ಉತಾರ (ಪಹಣಿ), ಆಧಾರ್, ಫೋಟೋ ಮೊದಲ ತಯಾರ ಇಟ್ಕೋರಿ, ನಮ್ಮದು ಉತಾರದಾಗ ಅಜ್ಜನ ಹೆಸರು ಇತ್ತಂತ ಐದ ದಿನ ಒಳಗ ಉಳಿದ್ರು. ಜಾಮೀನುದಾರ ಸಿಗಲಿಲ್ಲಂದ್ರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ, ಒಳಗ ಇದ್ದವರಿಗೆ ಆದಾಯ ನೋಡದ ಪುಕ್ಕಟ್ಟೆ ವಕೀಲರನ್ನ ಕೊಡ್ತಾರ, 15100 ನಂಬರ್ ಐತಿ. ಜಾಮೀನು ಆಗಿ ಏಳ ದಿನದಾಗ ಹೊರಗ ಬರಲಿಲ್ಲಂದ್ರ ಜೈಲಿನವರ ಪ್ರಾಧಿಕಾರಕ್ಕ ತಿಳಸಬೇಕು ಅಂತ 2023ರಾಗ ಸುಪ್ರೀಂ ಕೋರ್ಟ್ ಹೇಳೇತಿ, ನನಗ ಆವಾಗ ಇದು ಗೊತ್ತಿರಲಿಲ್ಲ.

ಪ್ರಶ್ನೆ ಕೇಳಿದಾಂವ:
ಎಲ್ಲಾರಿಗೂ ಶರಣ್ರಿ. ಎಫ್‌ಐಆರ್ ತಗಸಿ ನೋಡಿದ್ವಿ, ವಕೀಲರು 60 ದಿನದ ಲೆಕ್ಕ ಅಂದ್ರು, ಇವತ್ತಿಗೆ 19. ಕಾಕಾನ ಹೆಸರಿನ ಉತಾರ ತಗದ ಇಟ್ಟೀವಿ. ಅತ್ತಿಗೆ "ಸ್ವಂತ ಬಟ್ಟಿಯಾಗ ಅದಾನ" ಅಂದ ಮ್ಯಾಲೆ ನಿನ್ನೆ ರಾತ್ರಿ ಅರ್ಧಾ ರೊಟ್ಟಿ ತಿಂದ್ಲು. ನಾಳೆ ಮುಂಜಾನೆ ಮೊದಲ ಬಸ್ಸಿಗೆ ಹೊಂಟೀವಿ. ಗೇಟಿನ್ಯಾಗ ಹೊಳ್ಳಿ ಕೊಡ್ತಾರ ಅಂದ್ರೂ ಕೇಳವಲ್ಲಳು, ಒಲಿ ಮುಂದ ಕುಂತ ರೊಟ್ಟಿ ಬಡ್ಯಾಕ ಹತ್ತ್ಯಾಳ.