ಸಹಾಯ ಬೇಕು: ಬೆಂಗಳೂರಿನ ಚಳಿಯಲ್ಲಿ ಓಡಿ ಮುಂಬೈ ಮ್ಯಾರಥಾನ್‌ಗೆ ತಯಾರಾಗೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಮುಂಬೈ ಮ್ಯಾರಥಾನ್, ನನ್ನ ಮೊದಲ 42.195 ಕಿ.ಮೀ. ವಯಸ್ಸು 44, ಇದುವರೆಗೆ ಮೂರು ಹಾಫ್ ಮ್ಯಾರಥಾನ್ ಓಡಿದ್ದೀನಿ.

ಭಾನುವಾರ ಬೆಳಗಿನ ಜಾವ ಐದಕ್ಕೆ ಕಬ್ಬನ್ ಪಾರ್ಕ್ ಹತ್ರ ಲಾಂಗ್ ರನ್ ಶುರು ಮಾಡ್ತೀನಿ. ಈ ಚಳಿಗೆ ಮೊದಲ ಮೂರು ಕಿ.ಮೀ. ಮೈ ಬಿಸಿಯಾಗೋದೇ ಇಲ್ಲ. ಮೊನ್ನೆ ಬೆರಳು ಎಷ್ಟು ಮರಗಟ್ಟಿತ್ತು ಅಂದ್ರೆ ಚಿಕ್ಕಿ ಕವರ್ ಹಲ್ಲಲ್ಲಿ ಕಚ್ಚಿ ಹರಿಯಬೇಕಾಯ್ತು. ಬಾಯಾರಿಕೆ ಗೊತ್ತಾಗಲ್ಲ, ನೀರು ಕುಡಿಯೋದೇ ಮರೆತುಹೋಗುತ್ತೆ. 28ನೇ ಕಿ.ಮೀ.ಗೆ ಎರಡೂ ಮೀನಖಂಡ ಹಿಡ್ಕೊಂಡು ಫುಟ್‌ಪಾತ್ ಮೇಲೆ ಕೂತುಬಿಟ್ಟೆ. ಮನೆಗೆ ಬಂದು ನೋಡಿದ್ರೆ ಕಪ್ಪು ಟೋಪಿ ಅಂಚಲ್ಲಿ ಉಪ್ಪಿನ ಬಿಳಿ ಗೆರೆ. ಚಳಿಯಲ್ಲೇ ಇಷ್ಟು ಬೆವರಿದ್ದೀನಿ ಅಂದ್ರೆ ಮುಂಬೈಯಲ್ಲಿ ಗತಿ ಏನು? ಅಲ್ಲಿ ಸಮುದ್ರದ ತೇವಕ್ಕೆ ಬೆವರು ಆರೋದೇ ಇಲ್ಲ. ಮೇಲಾಗಿ ಕಾಲು ಸೋತಿರೋ ಹೊತ್ತಿಗೇ, ಕೊನೆಕೊನೆಗೆ, ಪೆಡ್ಡರ್ ರೋಡ್ ಏರು ಬೇರೆ.

ಅಲ್ಲಿ ಓಡಿರೋರು ದಯವಿಟ್ಟು ಹೇಳಿ. ಎಲೆಕ್ಟ್ರಾಲ್, ಉಪ್ಪು ಎಷ್ಟು ಕಿ.ಮೀ.ಗೊಮ್ಮೆ ತಗೋತೀರಿ? ವಾರಕ್ಕೊಂದು ಓಟ ಬೆಳಗ್ಗೆ ಹತ್ತರ ಬಿಸಿಲಿಗೆ ಹಾಕ್ಕೊಂಡ್ರೆ ಮೈ ಒಗ್ಗುತ್ತಾ? ಸುಸ್ತಾದ ಮೇಲೆ ಏರು ಹತ್ತೋ ಅಭ್ಯಾಸಕ್ಕೆ ಬೆಂಗಳೂರಲ್ಲಿ ಯಾವ ರಸ್ತೆ ಒಳ್ಳೇದು?

ಫಿಸಿಯೋಗೆ ತೋರಿಸಿದ್ದೀನಿ, ಗಾಯ ಏನೂ ಇಲ್ಲ ಅಂದ್ರು. ಶೂ ಬದಲಾಯಿಸು ಅನ್ನೋ ಸಲಹೆ ಮಾತ್ರ ಬೇಡ, ಈ ಜೋಡಿ ಕಾಲಿಗೆ ಚೆನ್ನಾಗಿ ಕೂತಿದೆ.

ಅಮ್ಮ ಫಿನಿಶ್ ಲೈನ್ ಹತ್ರ ಕಾಯ್ತೀನಿ ಅಂದಿದ್ದಾರೆ. ಅವರ ಮುಂದೆ ಕುಂಟದೆ ಓಡಿ ಬರಬೇಕು ಅಂತ ತುಂಬಾ ಆಸೆ.